ವಿಚಾರ ಮಾಡಿ ಹೇಳತೀನಿ

ಗಂಡನ ಹಣೆಗೆ ವಿಭೂತಿಯ ಮೂರನೆಯ ಗೆರೆ ಎಳೆಯುತ್ತಿದ್ದ ಇಂದ್ರಾಬಾಯಿಯ ಬೆರಳು, ಹಿತ್ತಲಲ್ಲಿ ಕಾರಿನ ಬಾನೆಟ್ ಎತ್ತಿದ ಸದ್ದಿಗೆ ಅರ್ಧಕ್ಕೇ ನಿಂತಿತು.

ಸೋಮನಿಂಗಪ್ಪನನ್ನು ಪಡಸಾಲೆಯ ಗೋಡೆಗೆ ಆನಿಸಿ, ಕಾಲು ಮಡಚಿ ಕೂರಿಸಿದ್ದರು. ತಲೆ ವಾಲದಂತೆ ಗದ್ದಕ್ಕೆ ಬಿಳಿ ವಸ್ತ್ರ ಕಟ್ಟಿ ಹಿಂದಿನ ಗೂಟಕ್ಕೆ ಬಿಗಿದಿದ್ದರು. ಬಟ್ಟೆ ಅಂಗಡಿಯ ಗಾದಿಯ ಮೇಲೆ ಅವನು ನಲವತ್ತು ವರ್ಷ ಕೂತದ್ದೂ ಹೆಚ್ಚುಕಡಿಮೆ ಹೀಗೇ.

“ಹಿತ್ತಲದಾಗ ಯಾರದು?” ಎಂದು ಇಂದ್ರಾಬಾಯಿ ಕೇಳಿದಳು.

“ನಿಮ್ಮ ಕಲ್ಮೇಶ. ಗಾಡಿ ನೋಡಾಕ ಹತ್ಯಾನ,” ಎಂದಳು ನೆರೆಮನೆಯ ಯಲ್ಲವ್ವ. “ನೀ ಆ ಕಡಿ ಲಕ್ಷ್ಯ ಕೊಡಬ್ಯಾಡ ಇಂದ್ರವ್ವ. ಒಂದ ಸಲ ಬಾಯಿ ಬಿಟ್ಟ ಅತ್ತ ಬಿಡು. ಎದಿ ಹಗರ ಆಗತೈತಿ.”

ಇಂದ್ರಾಬಾಯಿ ಗೆರೆಯನ್ನು ಪೂರ್ತಿ ಮಾಡಿದಳು. ಅಳಲಿಲ್ಲ. ನಸುಕಿನಲ್ಲಿ ಗಂಡನ ಉಸಿರು ನಿಂತಾಗಿನಿಂದ ಅವಳ ಕಣ್ಣು ಒದ್ದೆಯಾಗಿರಲಿಲ್ಲ. ಬಂದ ಹೆಂಗಸರು ದುಃಖ ಗಟ್ಟಿಕಟ್ಟಿದೆ ಎಂದುಕೊಂಡು ಅವಳ ಬೆನ್ನು ಸವರಿ ಹೋಗುತ್ತಿದ್ದರು. ಒಳಗೆ ಗಟ್ಟಿಕಟ್ಟಿದ್ದು ಏನೆಂದು ಅವಳಿಗೆ ಮಾತ್ರ ಗೊತ್ತಿತ್ತು.

ಕಲ್ಮೇಶ ಅವಳ ಮೈದುನ ಮಲಕಾಜಪ್ಪನ ಮಗ. ಹಿತ್ತಲ ಕಡೆಯ ಕಿಟಕಿಯಿಂದ ಅಪ್ಪ ಮಗನ ಮಾತು ಕೇಳುತ್ತಿತ್ತು.

“ಇಂಜಿನ್ ಹೊಸಾದ ಇದ್ದಂಗ ಐತೆಪಾ. ಗ್ಯಾಸ್ ಕಿಟ್ ಹಾಕಿಸಿದ್ರ ಇನ್ನ ಹತ್ತ ವರ್ಷ ಚಿಂತಿ ಇಲ್ಲ.”

“ಮೆಲ್ಲಕ ಮಾತಾಡು. ಮೊದಲ ಮಣ್ಣ ಆಗಲಿ. ಗಾಡಿ ಎಲ್ಲಿ ಓಡಿ ಹೋಗತೈತಿ? ವೈನಿಗೇನ ಹೊಡ್ಯಾಕ ಬರತೈತೇನು?”

ಬಾನೆಟ್ ಮುಚ್ಚಿದ ಸದ್ದಾಯಿತು. ಚಾವಿ ಜೇಬಿಗೆ ಇಳಿದ ಕಿಣಿ ಕಿಣಿ ಸದ್ದೂ ಅದರ ಹಿಂದೆಯೇ ಬಂತು.

ಅಂಗಳದ ಬೇವಿನ ಮರದ ಕೆಳಗೆ ಊರ ಗಂಡಸರು ಕೂತಿದ್ದರು. ಶೈಲಾ ವಿಜಯಪುರದಿಂದ ಬರಬೇಕಿತ್ತು. ಮಗಳು ಬಂದು ಮುಖ ನೋಡಿದ ಮೇಲೆಯೇ ಹೆಣ ಎತ್ತುವುದು. ಅಲ್ಲಿಯತನಕ ಮಾತಲ್ಲದೆ ಬೇರೆ ಕೆಲಸವಿರಲಿಲ್ಲ.

“ಭಾಳ ವಿಚಾರವಂತ ಮನಷ್ಯಾ,” ಎಂದ ಒಬ್ಬ. “ಇಡೀ ಸಂಖ ಊರಾಗ ಯಾರಿಗರ ಹೆಣ್ಣ ನೋಡೂದಿರಲಿ, ಹೊಲ ಹಿಡಿಯೂದಿರಲಿ, ಸೋಮನಿಂಗಪ್ಪನವರ್ನ ಕೇಳಿನ ಮಾಡತಿದ್ರು.”

“ಎಂದೂ ಒಂದ ಹೆಜ್ಜಿ ತಪ್ಪ ಇಟ್ಟವಲ್ಲ,” ಎಂದ ಇನ್ನೊಬ್ಬ.

ಹೆಜ್ಜೆಯನ್ನೇ ಎತ್ತದವನು ತಪ್ಪು ಇಡುವುದೆಲ್ಲಿಂದ ಬಂತು, ಎಂದುಕೊಂಡಳು ಇಂದ್ರಾಬಾಯಿ. ಹಾಗೆಂದುಕೊಳ್ಳುತ್ತಲೇ ಗಂಡನ ಹೆಗಲ ಮೇಲಿನ ಶಲ್ಯವನ್ನು ಸರಿಮಾಡಿದಳು.

*

ಕಾರು ಮನೆಗೆ ಬಂದಾಗ ಶೈಲಾ ಸಾಲೆಗೆ ಹೋಗುತ್ತಿದ್ದಳು. ಜತ್ತದ ಡಾಕ್ಟರೊಬ್ಬರು ಹೊಸ ಗಾಡಿ ಕೊಂಡು, ತಮ್ಮ ಬಿಳಿಯ ಪುಟ್ಟ ಮಾರುತಿಯನ್ನು ಮಾರಿದ್ದರು. ಅದನ್ನು ಕೊಳ್ಳುವ ನಿರ್ಧಾರವನ್ನು ಸೋಮನಿಂಗಪ್ಪ ಮಾಡಿದ್ದೂ ಅಲ್ಲ. ಊರಲ್ಲಿ ಬಾಡಿಗೆಗೆ ಟ್ರ್ಯಾಕ್ಸ್ ಜೀಪು ಓಡಿಸುತ್ತಿದ್ದ ಅವನ ಗೆಳೆಯ ಮಕ್ತುಮಸಾಬ, “ಮತ್ತೊಬ್ಬ ಒಯ್ಯಾಕ ಬಂದು ಕುಂತಾನ, ನಾಳಿಗಿ ಸಿಗಂಗಿಲ್ಲ,” ಎಂದು ಅಂಗಡಿಯಿಂದ ಅವನನ್ನು ಎಬ್ಬಿಸಿಕೊಂಡು ಹೋಗಿ ಕೊಡಿಸಿದ್ದ. ಜೀವಮಾನದಲ್ಲಿ ಅವನು ಅವಸರದಿಂದ ಮಾಡಿದ ಕೆಲಸ ಅದೊಂದೇ. ಅದರ ಪ್ರಾಯಶ್ಚಿತ್ತವನ್ನು ಸಾಯುವವರೆಗೂ ಮಾಡಿಕೊಂಡ.

ಮೊದಲ ಸಲ ಗುಡ್ಡಾಪುರಕ್ಕೆ ಹೋಗಿ ದಾನಮ್ಮನ ಗುಡಿಯ ಮುಂದೆ ಗಾಡಿಗೆ ಪೂಜೆ ಮಾಡಿಸಿದರು. ಇಂದ್ರಾಬಾಯಿ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಗಾಲಿಯ ಕೆಳಗಿಟ್ಟ ನಿಂಬೆಹಣ್ಣು ಪಚ್ಚೆಂದು ಒಡೆದಾಗ ಮಗಳ ಜೊತೆ ಅವಳೂ ನಕ್ಕಿದ್ದಳು. ಹೊರಳಿ ಬರುವಾಗ ಹಿಂದಿನ ಸೀಟಿನಿಂದ ಮುಂದೆ ಬಾಗಿ ಕೇಳಿದಳು:

“ಹಂಗ ಬಿಳೂರಿಗಿ ಹೋಗಿ ನಮ್ಮವ್ವಗ ಗಾಡಿ ತೋರಿಸಿ ಬರೂನಲ್ರಿ?”

“ಹೋಗೂನು. ಆದ್ರ ಇದು ಪೆಟ್ರೋಲ್ ಭಾಳ ಕುಡೀತೈತಿ. ಗ್ಯಾಸ್ ಮಾಡಿಸಿ ಬಿಟ್ರ ಬೇಕಾದಾಗ ಹೋಗಬಹುದು.”

“ಯಾವಾಗ ಮಾಡಸ್ತೀರಿ?”

“ವಿಚಾರ ಮಾಡಿ ಹೇಳತೀನಿ.”

ಆ ವಿಚಾರ ಅವತ್ತು ಹತ್ತಿತು. ಗ್ಯಾಸ್ ಅಗ್ಗ, ಖರೆ. ಆದರೆ ಗ್ಯಾಸ್ ತುಂಬಿಸುವ ಪಂಪು ಹತ್ತಿರ ಎಲ್ಲೂ ಇಲ್ಲ. ಅದಕ್ಕಾಗಿ ದೂರ ಹೋದರೆ ಉಳಿದದ್ದು ದಾರಿಯಲ್ಲೇ ಖರ್ಚು. ಟಾಕಿ ಕೂರಿಸಿದರೆ ಡಿಕ್ಕಿ ಹೋಯಿತು, ಬಟ್ಟೆಯ ಗಂಟು ಎಲ್ಲಿಡುವುದು? ಆರ್‌ಟಿಒ ಆಫೀಸಿನಲ್ಲಿ ನೋಂದಣಿ ಮಾಡಿಸಬೇಕು. ಹಳೆಯ ಇಂಜಿನ್ನಿಗೆ ಗ್ಯಾಸ್ ಹಾಕಿದರೆ ವಾಲ್ವು ಸುಡುತ್ತದೆ ಎನ್ನುತ್ತಾರೆ. ಸುಡುವುದಿಲ್ಲ ಎನ್ನುವವರೂ ಇದ್ದಾರೆ. ಅಪಘಾತವಾದರೆ ಟಾಕಿ ಸಿಡಿಯುತ್ತದೆಯೋ ಏನೋ. ಹಾಗಂತ ಪೆಟ್ರೋಲಿನ ಮೇಲೆ ಓಡಿಸಲು ಮನಸ್ಸು ಬರುವುದಿಲ್ಲ. ಅಂಗಡಿಗೆ ಬಂದ ಗಿರಾಕಿಯ ಕೈಗೆ ಧೋತರದ ಜೋಡಿ ಕೊಟ್ಟು, “ನೀವೇನಂತೀರಿ, ಗ್ಯಾಸ್ ಚಲೋನೋ ಪೆಟ್ರೋಲ್ ಚಲೋನೋ?” ಎಂದು ಕೇಳುತ್ತಿದ್ದ. ಕಂಡಕ್ಟರನಿಗೆ ಕೇಳಿದ, ಕಂದಾಯದ ತಲಾಟಿಗೆ ಕೇಳಿದ, ಮದುವೆಯ ಹಂದರದಲ್ಲಿ ಬೀಗರಿಗೆ ಕೇಳಿದ. ಕೇಳದೆ ಉಳಿದದ್ದು ಹೆಂಡತಿಗೆ ಮಾತ್ರ.

ಪ್ರತಿ ಸೋಮವಾರ ಗಾಡಿಯ ಮೇಲಿನ ತಾಡಪತ್ರಿ ತೆಗೆದು, ಒರೆಸಿ, ಚಾಲೂ ಮಾಡಿ ಸ್ವಲ್ಪ ಹೊತ್ತು ಗುರುಗುಟ್ಟಿಸಿ, ಮತ್ತೆ ಮುಚ್ಚುತ್ತಿದ್ದ. ಮಾಲು ತರಲು ಸೋಲಾಪುರಕ್ಕೆ ಹೋಗುತ್ತಿದ್ದದ್ದು ಎಸ್‌ಟಿ ಬಸ್ಸಿನಲ್ಲಿ. ಅತ್ತ ಬಿಳೂರಿನಲ್ಲಿ ಇಂದ್ರಾಬಾಯಿಯ ತಾಯಿ, ಮಗಳ ಕಾರು ಬಂದರೆ ನಿಲ್ಲಲು ಜಾಗ ಬೇಕೆಂದು ಮನೆಯ ಮುಂದಿನ ಮುಳ್ಳಿನ ಬೇಲಿಯನ್ನು ತಾನೇ ಕಡಿದು ಹಿಂದಕ್ಕೆ ಸರಿಸಿದ್ದಳು. ಒಂದೇ ತಾಲೂಕು. ಕಾರಿನಲ್ಲಿ ಕೂತರೆ ಮುಂಜಾನೆ ಹೋಗಿ ಊಟದ ಹೊತ್ತಿಗೆ ಬರಬಹುದಾದ ದಾರಿ.

*

ಶೈಲಾ ಬಂದವಳೇ ಅಪ್ಪನ ಕಾಲ ಮೇಲೆ ಬಿದ್ದಳು. ಅವಳ ಅಳು ಕೇಳಿ, ತೆಪ್ಪಗಿದ್ದ ಹೆಂಗಸರೂ ದನಿ ತೆಗೆದರು. ಆಮೇಲೆ ಮೂಗು ಒರೆಸಿಕೊಳ್ಳುತ್ತ ತಾಯಿಯ ಪಕ್ಕ ಸರಿದು ಕೂತಳು.

“ಕಡೀಕ ಏನರ ಅಂದ್ನೇನವ್ವಾ ಅಪ್ಪ?”

“ಏನಿಲ್ಲ.”

“ನನ್ನ ಹೆಸರ ತಗದ್ನಾ?”

“ನಿನ್ನೆ ಮಧ್ಯಾಹ್ನ ಕೇಳಿದ್ರು, ಶೈಲಾ ಯಾವಾಗ ಬರತಾಳ ಅಂತ,” ಎಂದಳು ಇಂದ್ರಾಬಾಯಿ. ಅದು ನಿಜವಾಗಿತ್ತು. ಮಗಳ ಮೇಲೆ ಅವನಿಗೆ ಜೀವ. ಸಂಜೆಯ ಮಾತನ್ನು ಅವಳು ಹೇಳಲಿಲ್ಲ.

ಮಠದ ಅಯ್ಯನವರು ಬಂದು ಪೂಜೆಗೆ ಅಣಿಮಾಡತೊಡಗಿದರು. ಹೊರಗೆ ಹೆಣ ಹೊರುವ ವಿಮಾನ ಕಟ್ಟುತ್ತಿದ್ದರು. ಬಿದಿರಿನ ಕುರ್ಚಿಗೆ ಬಾಳೆಕಂಬ ಬಿಗಿದು ಚೆಂಡುಹೂವಿನ ಸರ ಸುತ್ತುತ್ತಿದ್ದವರ ನಡುವೆ, ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ಮಕ್ತುಮಸಾಬ ಬಂದು ನಿಂತ. ಅವನಿಗೂ ಈಗ ವಯಸ್ಸಾಗಿತ್ತು. ಟ್ರ್ಯಾಕ್ಸ್ ಮಾರಿ ಮನೆಯಲ್ಲೇ ಇರುತ್ತಿದ್ದ. ಗೆಳೆಯ ಹಾಸಿಗೆ ಹಿಡಿದ ಮೇಲೆ ಸೋಮವಾರ ಸೋಮವಾರ ಬಂದು ಗಾಡಿ ಚಾಲೂ ಮಾಡಿ ಹೋಗುತ್ತಿದ್ದವನು ಅವನೇ. ಒಳಗೆ ಬಂದು ಹೆಣದ ಕಾಲು ಮುಟ್ಟಿ, ಇಂದ್ರಾಬಾಯಿಯ ಕಡೆ ನೋಡಲಾರದೆ ಹಿತ್ತಲಿಗೆ ಹೋದ. ಕಲ್ಮೇಶ ಅವನ ಹಿಂದೆಯೇ ಹೋದದ್ದನ್ನು ಅವಳು ಕಂಡಳು.

*

ಇಂದ್ರಾಬಾಯಿಯ ತಾಯಿ ಸತ್ತು ಹತ್ತು ವರ್ಷ ಮೇಲಾಗಿತ್ತು. ಸಾವಿನ ಹಿಂದಿನ ದಿನ ಮುಂಜಾನೆ ಸೋಮನಿಂಗಪ್ಪ ಮಕ್ತುಮಸಾಬನನ್ನು ಕರೆದುಕೊಂಡು, ಕಾರು ತೆಗೆದು, ಮಿರಜಿಗೆ ಹೊರಟಿದ್ದ. “ಈ ಸಲ ಮಾಡಿಸಿಬಿಡೂದ. ವಿಚಾರ ಮುಗೀತು,” ಎಂದಿದ್ದ. ಗಾಡಿ ಊರ ಅಗಸಿ ದಾಟುವವರೆಗೂ ಇಂದ್ರಾಬಾಯಿ ಬಾಗಿಲಲ್ಲಿ ನಿಂತು ನೋಡಿದ್ದಳು.

ಊಟದ ಹೊತ್ತಿಗೆ ಬಿಳೂರಿನಿಂದ ಅಣ್ಣನ ಫೋನು ಬಂತು. “ಅವ್ವಗ ಎಚ್ಚರಿಲ್ಲ. ನಡುನಡು ಕಣ್ಣ ತಗದು ಇಂದ್ರಿ ಬಂದ್ಲಾ ಅಂತಾಳ. ಲಗೂನ ಬಾ.”

ಅವಳು ಮಕ್ತುಮಸಾಬನ ಮೊಬೈಲಿಗೆ ಹಚ್ಚಿದಳು. ಅವನು ಫೋನನ್ನು ಗಂಡನ ಕೈಗೆ ಕೊಟ್ಟ.

“ನೀ ಎಸ್‌ಟಿಗಿ ಹೋಗಬ್ಯಾಡ,” ಎಂದ ಸೋಮನಿಂಗಪ್ಪ. “ನಾ ಗಾಡಿ ತಗೊಂಡ ಬರಾಕ ಹತ್ತೀನಿ. ಇಬ್ರೂ ಕೂಡಿ ಹೋಗೂನು.”

ಇಂದ್ರಾಬಾಯಿ ಕೈಚೀಲದಲ್ಲಿ ಒಂದು ಸೀರೆ ತುರುಕಿ ಕಟ್ಟೆಯ ಮೇಲೆ ಕೂತಳು. ಜತ್ತಕ್ಕೆ ಹೋಗುವ ಬಸ್ಸುಗಳು ಅವಳ ಕಣ್ಣೆದುರೇ ಹೋದವು. ಸಂಜೆಯಾಯಿತು, ಆಮೇಲೆ ಬಸ್ಸಿಲ್ಲ. ಮರುದಿನ ಮುಂಜಾನೆ ಮತ್ತೆ ಫೋನು ಹಚ್ಚಿದರೆ ಹತ್ತಲಿಲ್ಲ. ಹೊರಟುಬಿಟ್ಟರೆ ದಾರಿಯಲ್ಲಿ ತಪ್ಪುತ್ತೇವೇನೋ ಎಂಬ ಭಯಕ್ಕೆ ಕೂತಲ್ಲೇ ಕೂತಳು. ಬಿಸಿಲೇರಿದ ಮೇಲೆ ಅಣ್ಣನಿಂದ ಇನ್ನೊಂದು ಫೋನು ಬಂತು. ಆಗ ಬಸ್ಸು ಹತ್ತಿದಳು. ಜತ್ತದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದಳು. ಬಿಳೂರಿಗೆ ಮುಟ್ಟಿದಾಗ ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಕಾಲು ತೊಳೆದುಕೊಳ್ಳುತ್ತಿದ್ದರು.

“ಕಾರ ಬರತೈತಿ ಅಂತ ಭಾಳ ಹೊತ್ತ ತಡದೀವಿ ತಂಗಿ,” ಎಂದ ಅಣ್ಣ. “ಇನ್ನ ಇಡಾಕ ಬರಲಿಲ್ಲ.”

ಮರಳಿ ಬಂದ ಮೇಲೆ ಗಂಡ ಹೇಳಿದ: “ಗಾಡಿ ಗ್ಯಾರೇಜದಾಗ ಬಿಚ್ಚಿ ಇಟ್ಟಿದ್ರು. ಇಂಜಿನ್ ಪೂರ್ತಿ ಬಿಚ್ಚಿದ ಮ್ಯಾಲ ಹೆಂಗ ಬರೂದು? ಬಿಚ್ಚಿ ನೋಡಿದ ಮ್ಯಾಲ ಮಿಸ್ತ್ರಿ ಅಂದ, ಹಳೇ ಇಂಜಿನ್ ಐತಿ, ಇನ್ನೊಂದ ಸಲ ವಿಚಾರ ಮಾಡ್ರಿ ಅಂತ. ಹಂಗ ಜೋಡಿಸಿಕೊಂಡ ಬಂದ್ಯಾ.”

ಬಿಚ್ಚಿದ ಇಂಜಿನ್ನು. ಆ ಒಂದು ಮಾತನ್ನು ಹಿಡಿದುಕೊಂಡೇ ಅವಳು ಮತ್ತೆ ಅವನಿಗೆ ರೊಟ್ಟಿ ಬಡಿದಳು. ಮನುಷ್ಯನ ಕೈಯಲ್ಲಿರಲಿಲ್ಲ, ಏನು ಮಾಡಿಯಾನು, ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದು ಪೂರ್ತಿ ಒಳಗಿಳಿಯಲಿಲ್ಲ.

*

ಪೂಜೆಗೆ ಪತ್ರಿ ಬೇಕೆಂದು ಅಯ್ಯನವರು ಕೇಳಿದರು. ಹಿತ್ತಲ ಬಾಗಿಲ ಪಕ್ಕದ ಬುಟ್ಟಿಯಲ್ಲಿ ಬಿಲ್ವಪತ್ರಿ ಇತ್ತು. ತರಲು ಹೋದ ಇಂದ್ರಾಬಾಯಿ ಬಾಗಿಲ ಮರೆಯಲ್ಲಿ ನಿಂತಳು.

“ಖರೇ ಹೇಳ್ರಿ ಕಾಕಾ,” ಎನ್ನುತ್ತಿದ್ದ ಕಲ್ಮೇಶ. “ಇದಕ್ಕ ಗ್ಯಾಸ್ ಹಾಕಿಸಬೇಕೋ ಬ್ಯಾಡೋ?”

“ಓಡೋ ಗಾಡಿಗಿ ಗ್ಯಾಸ್ ಹಾಕಿದ್ರ ಲಾಭಪಾ. ನಿಂತ ಗಾಡಿಗಿ ಯಾತರ ಗ್ಯಾಸು?” ಎಂದ ಮಕ್ತುಮಸಾಬ. “ನಿಮ್ಮ ದೊಡ್ಡಪ್ಪಗ ಇದನ್ನ ನೂರ ಸಲ ಹೇಳೀನಿ. ಮಿರಜಿಗಿ ಹೋದಾಗೂ ಇದ ಆತು.”

“ಅವಾಗ ಇಂಜಿನ್ ಬಿಚ್ಚಿದ್ರಂತಲ್ಲ? ಮತ್ತ ಚಲೋತ್ನಾಗಿ ಜೋಡಿಸ್ಯಾರೋ ಇಲ್ಲೋ ಅಂತ ನೋಡಾಕ ಹತ್ತಿದ್ಯಾ.”

“ಯಾರ ಬಿಚ್ಚಿದ್ರು? ಬಾನೆಟ್ ಸುದ್ದಾ ತಗದಿಲ್ಲ.” ಮಕ್ತುಮಸಾಬ ಬೀಡಿ ಹಚ್ಚಲು ಹೋಗಿ, ಸಾವಿನ ಮನೆಯೆಂಬುದು ನೆನಪಾಗಿ ಕಿಸೆಗೆ ಇಟ್ಟುಕೊಂಡ. “ಮೊದಲನೇ ಗ್ಯಾರೇಜದಾಗನ ಮಿಸ್ತ್ರಿ ತಯಾರಿದ್ದ. ಚಾ ಕುಡಕೋತ ಕುಂದ್ರಿ, ಹಾಕಿ ಕೊಡತೀವಿ ಅಂದ. ಇಂವ ಇನ್ನೊಂದ ಕಡಿ ಕೇಳೂನಂದ. ಅಲ್ಲಿಂದ ಮತ್ತೊಂದ ಕಡಿ. ಅಷ್ಟರಾಗ ನಿಮ್ಮ ದೊಡ್ಡವ್ವಂದು ಫೋನ ಬಂತು. ನಾ ಅಂದ್ಯಾ, ಗ್ಯಾಸ್ ಸುಡಲಿ, ಮೊದಲ ಅಕ್ಕಾರ್ನ ಕರಕೊಂಡ ಬಿಳೂರಿಗಿ ಹೋಗೂನು ನಡಿ ಅಂತ. ಇಂವ ಏನಂದ ಗೊತ್ತದ? ಮುದುಕಿ ಇನ್ನ ಗಟ್ಟಿ ಅದಾಳ, ಬಂದ ಕೆಲಸ ಒಂದ ನಿಕಾಲಿ ಹಚ್ಚೂನು, ಮುಗಿಸೇ ಹೋಗೂನು ಅಂದ. ಲಾಡ್ಜಿನ್ಯಾಗ ಮಲಗಿ ಮರುದಿನಾನೂ ಗ್ಯಾರೇಜ್ ಸುತ್ತಿದ್ವಿ. ನಿಕಾಲಿ ಹತ್ತಲಿಲ್ಲ. ಬರಿಗೈಲೆ ಬಂದ್ವಿ.”

ಇಂದ್ರಾಬಾಯಿ ಮರೆಯಿಂದ ಹೊರಗೆ ಬಂದಳು. ಕೈಯಲ್ಲಿ ಪತ್ರಿಯ ಬುಟ್ಟಿಯಿತ್ತು.

“ಬಾನೆಟ್ ತಗದಿರಲಿಲ್ಲೇನ್ರಿ ಮಕ್ತುಮಣ್ಣಾ?”

ಮಕ್ತುಮಸಾಬ ಎದ್ದು ನಿಂತ. ಅವಳ ಮುಖ ನೋಡಿದ. ಇವಳಿಗೆ ಗೊತ್ತಿರಲಿಲ್ಲ ಎಂಬುದು ಆಗ ಅವನಿಗೆ ತಿಳಿಯಿತು. ಮಾತನ್ನು ಮರಳಿ ನುಂಗಲು ಸಾಧ್ಯವಿದ್ದರೆ ನುಂಗುತ್ತಿದ್ದ.

“ಇಲ್ಲ ಅಕ್ಕಾರ. ತಗದಿರಲಿಲ್ಲ,” ಎಂದ.

ಅವಳು ತಲೆಯಾಡಿಸಿ, ಪತ್ರಿಯನ್ನು ಅಯ್ಯನವರ ಮುಂದೆ ತಂದಿಟ್ಟಳು. ಗಂಡನ ಎದುರು ಕೂತಳು.

*

ಆ ಹತ್ತು ವರ್ಷ ಅವಳು ಸುಮ್ಮನೆ ಕೂತಿರಲಿಲ್ಲ. ತಾಯಿ ಸತ್ತ ಮುಂದಿನ ಬೇಸಿಗೆಯಲ್ಲಿ ಒಮ್ಮೆ ಊಟಕ್ಕೆ ಕೂತ ಸೋಮನಿಂಗಪ್ಪ, “ಗ್ಯಾಸ್ ಮಾಡಸೂದ ಚಲೋ ಅನಸಾಕ ಹತ್ತೈತಿ,” ಎಂದು ತನಗೆ ತಾನೇ ಎಂಬಂತೆ ಹೇಳಿದ. ಇಂದ್ರಾಬಾಯಿ ತವೆಯ ಮೇಲಿನ ರೊಟ್ಟಿ ಹೊರಳಿಸುತ್ತ, “ಉಮದಿ ದಾರ್‍ಯಾಗ ಗ್ಯಾಸಿನ ಗಾಡಿ ಒಂದ ಹತ್ತಿ ಉರೀತಂತ್ರಿ,” ಎಂದಳು. ಅಂಥದ್ದೇನೂ ಆಗಿರಲಿಲ್ಲ. ಅವನ ಕೈಯ ತುತ್ತು ತಡೆಯಿತು. ಅವತ್ತು ರಾತ್ರಿ ಅವನು ಹೊರಳಾಡಿದ್ದನ್ನು ಅವಳು ಪಕ್ಕದಲ್ಲಿ ಮಲಗಿ ಕೇಳಿಸಿಕೊಂಡಳು.

ಅಲ್ಲಿಂದ ಅವಳಿಗೆ ಕಲೆ ಕೈಹತ್ತಿತು. ಗ್ಯಾಸ್ ಬೇಡ ಎಂದು ಅವನು ಮನಸ್ಸು ಗಟ್ಟಿಮಾಡಿದ ವಾರವೇ, “ಯಲ್ಲವ್ವನ ಅಳಿಯ ಗ್ಯಾಸ್ ಮಾಡಿಸ್ಯಾನಂತ. ಊರ ತುಂಬ ತಿರಗ್ಯಾಡತಾನ,” ಎನ್ನುವಳು. ಬೇಕು ಎಂದ ವಾರ, “ಹಳೇ ಗಾಡಿಗಿ ಪಾಸಿಂಗ್ ಮಾಡಂಗಿಲ್ಲಂತ ಈಗ,” ಎನ್ನುವಳು. ಬೀಸುಕಲ್ಲಿನ ಗೂಟ ಹಿಡಿದಂತೆ ಅವನನ್ನು ಹಿಡಿದು ತಿರುಗಿಸಿದಳು. ಯಾರೂ ಅವಳ ಮೇಲೆ ಬೊಟ್ಟು ಮಾಡುವಂತಿರಲಿಲ್ಲ. ಗಂಡನಿಗೆ ಎದುರು ಮಾತಾಡದ ಹೆಂಗಸು ಎಂದೇ ಊರು ಅವಳನ್ನು ಹೊಗಳುತ್ತಿತ್ತು. ಹಾಸಿಗೆ ಹಿಡಿದ ಮೇಲೂ ಅವನಿಗೆ ಗಂಜಿ ಕುಡಿಸಿದಳು, ಮೈ ಒರೆಸಿದಳು, ಬಟ್ಟೆ ಬದಲಿಸಿದಳು. ಒಂದು ದಿನವೂ ಕೈ ಒರಟಾಗಲಿಲ್ಲ. ನಾಲಗೆಯ ಮೇಲಿದ್ದದ್ದು ಬೇರೆ.

ನಿನ್ನೆ ಸಂಜೆ ದೀಪ ಹಚ್ಚಿ ಬಂದಾಗ ಅವನು ಕಣ್ಣು ತೆರೆದಿದ್ದ. ಕೈಸನ್ನೆ ಮಾಡಿ ಹತ್ತಿರ ಕರೆದ. ದನಿ ಬಹಳ ಇಳಿದಿತ್ತು.

“ಎಲ್ಲಾರ್ನೂ ಕೇಳೀನಿ ಇಂದ್ರಾ,” ಎಂದ. “ನಿನ್ನ ಕೇಳಲಿಲ್ಲ. ನೀ ಏನಂತಿ? ಗ್ಯಾಸ್ ಮಾಡಸೂನೋ, ಹಂಗ ಇರಲೋ?”

ಇಷ್ಟು ವರ್ಷದಲ್ಲಿ ಮೊದಲ ಸಲ. ಒಂದು ಮಾತು ಹೇಳಿದ್ದರೆ ಆ ಜೀವಕ್ಕೆ ನೆಮ್ಮದಿಯಾಗುತ್ತಿತ್ತು. ಯಾವ ಮಾತಾದರೂ ಸಾಕಿತ್ತು. ಇಂದ್ರಾಬಾಯಿ ಅವನ ಹೊದಿಕೆಯನ್ನು ಎದೆಯವರೆಗೆ ಎಳೆದು ಸರಿಮಾಡಿದಳು.

“ವಿಚಾರ ಮಾಡಿ ಹೇಳತೀನಿ,” ಎಂದಳು.

ಅವನು ಕಾದ. ಕಣ್ಣು ಅವಳ ಮೇಲೆಯೇ ಇತ್ತು. ನಸುಕಿನಲ್ಲಿ ಅವಳು ಎದ್ದು ನೋಡಿದಾಗಲೂ ಅವಳು ಮಲಗಿದ್ದ ಕಡೆಗೇ ತೆರೆದಿತ್ತು. ರೆಪ್ಪೆಯನ್ನು ಅವಳೇ ಮುಚ್ಚಿದಳು. ತೀರಿಸಬೇಕಾದ್ದಕ್ಕಿಂತ ಹೆಚ್ಚು ಸೇಡು ತೀರಿಸಿಕೊಂಡೆನೇನೋ ಎಂಬ ಅಂಜಿಕೆ ಆಗ ಒಳಹೊಕ್ಕು ಮುಂಜಾನೆಯಿಂದ ಅಲ್ಲೇ ಕೂತಿತ್ತು. ಅಳು ಬಾರದಿದ್ದದ್ದು ಅದಕ್ಕೇ.

ಈಗ ಆ ಅಂಜಿಕೆ ಇರಲಿಲ್ಲ. ಹಿತ್ತಲಲ್ಲಿ ಕೇಳಿದ ನಾಲ್ಕು ಮಾತು ಅದನ್ನು ಬೇರುಸಹಿತ ಕಿತ್ತು ಒಗೆದಿದ್ದವು.

*

ಅಯ್ಯನವರು ಪೂಜೆ ಮುಗಿಸಿದರು. ಗದ್ದದ ವಸ್ತ್ರವನ್ನು ಗೂಟದಿಂದ ಬಿಚ್ಚಿ, ಸೋಮನಿಂಗಪ್ಪನನ್ನು ಎತ್ತಿ ವಿಮಾನದಲ್ಲಿ ಕೂರಿಸಿ, ತಲೆಯನ್ನು ಹಿಂದಿನ ಬಿದಿರಿಗೆ ಕಟ್ಟಿದರು. ಭಜನೆಯವರು ತಾಳ ಹಿಡಿದರು. ಮೊದಲು ಮಠದ ಮುಂದೆ ಹಾಯ್ದು, ಊರು ಸುತ್ತಿ, ಆಮೇಲೆ ಹಳ್ಳದ ಆಚೆಯ ಹೊಲಕ್ಕೆ. ಅಲ್ಲಿ ಕುಣಿ ತೋಡಿ ಮುಗಿದಿತ್ತು.

“ನಡೀರಿ ವೈನಿ,” ಎಂದ ಮಲಕಾಜಪ್ಪ. “ಕುಣಿ ಹಂತ್ಯಾಕ ಕೈಯಾನ ಬಳಿ ತಗಿಯೂದೈತಿ. ಯಲ್ಲವ್ವಾ, ಕೈ ಹಿಡಕೊಂಡ ಕರಕೊಂಡ ಬಾ.”

ಇಂದ್ರಾಬಾಯಿ ಎದ್ದಳು. ಯಲ್ಲವ್ವನ ಕೈ ಸರಿಸಿ ನೇರ ಕಲ್ಮೇಶನ ಮುಂದೆ ಹೋಗಿ ಅಂಗೈ ಚಾಚಿದಳು.

“ಗಾಡಿ ಚಾವಿ ಕೊಡು.”

ಕಲ್ಮೇಶ ಅಪ್ಪನ ಮುಖ ನೋಡಿದ. ಚಾಚಿದ ಕೈ ಹಿಂದೆ ಸರಿಯಲಿಲ್ಲ. ಅವನು ಜೇಬಿನಿಂದ ಚಾವಿ ತೆಗೆದು ಅದರ ಮೇಲೆ ಇಟ್ಟ.

“ಹೊಲಕ್ಕ ನಡಕೋತನ ಹೋಗೂದು ವೈನಿ. ಗಾಡಿ ಯಾಕ?” ಎಂದ ಮಲಕಾಜಪ್ಪ.

“ನಾ ಹೊಲಕ್ಕ ಬರಂಗಿಲ್ಲ. ಬಿಳೂರಿಗಿ ಹೊಂಟೀನಿ. ನಮ್ಮವ್ವನ ಸಮಾದಿಗಿ.”

ತಾಳ ನಿಂತಿತು.

“ಇವತ್ತ? ಗಂಡನ ಹೆಣ ಅಂಗಳದಾಗ ಇಟಗೊಂಡು?” ಎಂದ ಮಲಕಾಜಪ್ಪ.

“ನಮ್ಮವ್ವನ ಮಣ್ಣಿಗಿ ನನ್ನ ಮುಟ್ಟಗೊಡಲಿಲ್ಲ ಅವ್ರು. ಅವ್ರ ಮಣ್ಣಿಗಿ ನಾ ಮುಟ್ಟೂದಿಲ್ಲ.”

“ಹಳೇ ಮಾತ ತಗೀಬ್ಯಾಡ್ರಿ ವೈನಿ. ಮಂದಿ ಏನಂದೀತು?”

“ವಿಚಾರ ಮಾಡಲಿ,” ಎಂದಳು ಇಂದ್ರಾಬಾಯಿ. “ಮಂದಿನೂ ಒಂದೀಟ ವಿಚಾರ ಮಾಡಲಿ.”

ಶೈಲಾ ಓಡಿಬಂದು ತಾಯಿಯ ತೋಳು ಹಿಡಿದಳು. “ಅವ್ವಾ, ಅಪ್ಪಗ ಒಂದ ಹಿಡಿ ಮಣ್ಣರ ಹಾಕಿ ಹೋಗವ್ವ. ನಿನ್ನ ಕಾಲ ಬೀಳತೀನಿ.”

“ನೀ ಹಾಕು. ನಿನಗ ಅವ್ರು ಚಲೋ ಅಪ್ಪ ಆಗಿದ್ರು,” ಎಂದಳು ತಾಯಿ. “ನಾ ನಿನಗ ಬ್ಯಾಡ ಅನ್ನಂಗಿಲ್ಲ. ನೀನೂ ನನಗ ಅನ್ನಬ್ಯಾಡ.”

ಶೈಲಾ ಬಿಕ್ಕುತ್ತ ನಿಂತಳು. ಅಜ್ಜಿಯ ಸಾವಿನ ಕತೆ ಅವಳಿಗೂ ಗೊತ್ತಿತ್ತು. ತಾಯಿ ಕೈಚೀಲ ಹಿಡಿದು ಕಟ್ಟೆಯ ಮೇಲೆ ಕೂತಿದ್ದನ್ನು ಅವಳೂ ಕಂಡಿದ್ದಳು. ಕೊನೆಗೆ ಹಿತ್ತಲಿಗೆ ಹೋಗಿ, ಕಾರಿನ ಮುಂದಿನ ಬಾಗಿಲು ತೆರೆದು, ಸೀಟಿನ ಮೇಲೆ ಅಪ್ಪ ಮಡಚಿಟ್ಟಿದ್ದ ಟವೆಲನ್ನು ಎತ್ತಿ ಹಿಂದಕ್ಕೆ ಹಾಕಿದಳು. ತಾಯಿ ಕೂರಲು ಜಾಗವಾಯಿತು.

ಮಕ್ತುಮಸಾಬ ಬೇವಿನ ಬುಡದಲ್ಲಿದ್ದ. ಇಂದ್ರಾಬಾಯಿ ಅವನ ಮುಂದೆ ಚಾವಿ ಹಿಡಿದಳು.

“ನಾನೂ ಅವನ ಮಣ್ಣಿಗಿ ಹೋಗಬೇಕಲ್ರಿ ಅಕ್ಕಾರ. ಸಣ್ಣಂದಿನ ದೋಸ್ತ,” ಎಂದ ಅವನು ಮೆಲ್ಲಗೆ.

“ಅವತ್ತ ಅವ್ರ ಅಂದಂಗ ಹೊಡದ್ರಿ. ಇವತ್ತ ನಾ ಅಂದಂಗ ಹೊಡೀರಿ.”

ಮಕ್ತುಮಸಾಬ ವಿಮಾನದ ಹತ್ತಿರ ಹೋಗಿ ಗೆಳೆಯನ ತಣ್ಣಗಿನ ಪಾದಕ್ಕೆ ಒಮ್ಮೆ ಕೈಯೂರಿದ. ಟೊಪ್ಪಿಗೆ ತಲೆಗಿಟ್ಟ. ಬಂದು ಚಾವಿ ತೆಗೆದುಕೊಂಡ.

*

ಪೆಟ್ರೋಲ್ ಪಂಪು ಹಳ್ಳದಾಚೆ, ಉಮದಿಯ ರಸ್ತೆಯಲ್ಲಿತ್ತು. ಬಿಳೂರಿನ ದಾರಿಗೆ ಅದು ವಿರುದ್ಧ ದಿಕ್ಕು. ಆದರೆ ಟಾಕಿಯಲ್ಲಿ ಇದ್ದದ್ದು ಸೋಮವಾರ ಗುರುಗುಟ್ಟಿಸಲು ಸಾಕಾಗುವಷ್ಟು ಮಾತ್ರ. ಪಂಪಿನವನಿಗೆ ಸಾವಿನ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಗಾಡಿಯ ಗುರುತು ಹಿಡಿದು ನಗುತ್ತ ಬಂದ.

“ಸಾವಕಾರ್ರು ಇನ್ನೂ ಗ್ಯಾಸ್ ಮಾಡಿಸಲಿಲ್ಲೇನ್ರಿ? ಹಾಸಿಗಿ ಹಿಡಿಯೂತನಾ ನನ್ನ ಕೇಳತಿದ್ರು.”

“ಇಲ್ಲ. ಇದು ಇನ್ನ ಪೆಟ್ರೋಲ್ ಮ್ಯಾಲೇ ಓಡತೈತಿ,” ಎಂದಳು ಇಂದ್ರಾಬಾಯಿ. “ಟಾಕಿ ತುಂಬಿಸ್ರಿ.”

“ಫುಲ್ಲ?”

“ಹೊರಗ ಚೆಲ್ಲೂತನಾ.”

ಗಾಡಿ ಊರ ಕಡೆ ಹೊರಳಿತು. ಬಹಳ ದಿನದ ಮೇಲೆ ಮೈಚಳಿ ಬಿಟ್ಟ ಇಂಜಿನ್ನು ಹದವಾಗಿ ಓಡುತ್ತಿತ್ತು. ಮುಂದಿನ ಸೀಟಿನಿಂದ ದಾರಿ ಇಷ್ಟು ಅಗಲವಾಗಿ ಕಾಣುತ್ತದೆಂದು ಇಂದ್ರಾಬಾಯಿಗೆ ಗೊತ್ತಿರಲಿಲ್ಲ. ಎರಡೂ ಬದಿ ಕೊಯ್ದ ಜೋಳದ ಕೂಳೆ. ಆಚೆಗೆ ಒಂದು ಹೊಲದಲ್ಲಿ ಹೊಸ ಮಣ್ಣಿನ ಗುಡ್ಡೆ ಹಾಕಿ ಗಂಡಸರು ಕಾಯುತ್ತಿದ್ದರು. ಅವಳು ಅತ್ತ ಹೊರಳಲಿಲ್ಲ.

ಹಳ್ಳ ದಾಟುವ ಸಣ್ಣ ಪೂಲಿನ ಹತ್ತಿರ ಬಂದಾಗ ಎದುರಿನಿಂದ ಭಜನೆ ಕೇಳಿಸಿತು. ಊರು ಸುತ್ತಿದ ಮೆರವಣಿಗೆ ಆಚೆಯ ದಂಡೆಗೆ ಬಂದು ಮುಟ್ಟಿತ್ತು. ಪೂಲಿನ ಮೇಲೆ ಒಂದು ಸಲಕ್ಕೆ ಒಂದೇ ಕಡೆಯವರು ಹಾಯಬೇಕು. ಅಷ್ಟರಲ್ಲಿ ಕಾರಿನ ಮುಂದಿನ ಗಾಲಿ ಪೂಲು ಏರಿಬಿಟ್ಟಿತ್ತು.

ಮಕ್ತುಮಸಾಬ ಬ್ರೇಕು ಒತ್ತಿ ಗೇರಿಗೆ ಕೈ ಹಾಕಿದ. “ಹಿಂದ ತಗೀತೀನ್ರಿ ಅಕ್ಕಾರ. ಹೆಣಕ್ಕ ದಾರಿ ಬಿಡಬೇಕು.”

“ತಗೀಬ್ಯಾಡ್ರಿ.”

“ಅಕ್ಕಾರ, ಪದ್ಧತಿ ಐತಿ.”

“ಮುಂದ ನಡೀರಿ. ಸಾವಕಾಶ.”

ಗಾಡಿ ಪೂಲಿನ ಮೇಲೆ ತೆವಳುತ್ತ ನಡೆಯಿತು. ಎದುರಿಗೆ ವಿಮಾನ ನಿಂತಿತ್ತು. ನಾಲ್ವರ ಹೆಗಲ ಮೇಲೆ, ಚೆಂಡುಹೂವಿನ ಕಮಾನಿನ ಕೆಳಗೆ, ಸೋಮನಿಂಗಪ್ಪ ಅವಳಿಗೆ ನೇರ ಮುಖಮಾಡಿ ಕೂತಿದ್ದ. ನಡುವೆ ಇದ್ದದ್ದು ಕಾರಿನ ಮುಂದಿನ ಗಾಜು ಮಾತ್ರ. ಮಲಕಾಜಪ್ಪ ಮುಂದೆ ಬಂದು ಎರಡೂ ಕೈ ಬೀಸಿ ಹಿಂದೆ ಹೋಗಲು ಸನ್ನೆ ಮಾಡಿದ. ತಾಳದವರು ತಾಳ ಮರೆತು ನೋಡುತ್ತಿದ್ದರು. ಇಂದ್ರಾಬಾಯಿ ಗಂಡನ ಮುಖದಿಂದ ಕಣ್ಣು ಕೀಳಲಿಲ್ಲ.

ಹೊತ್ತವರಲ್ಲಿ ಒಬ್ಬನ ಹೆಗಲು ಸೋತಿತು. “ಇಳೀರಿ, ಇಳೀರಿ, ಬದಿಗಿ ಇಳೀರಿ,” ಎಂದು ಅವನೇ ಮೊದಲು ಕಾಲು ತೆಗೆದ. ಉಳಿದವರು ಅವನ ಹಿಂದೆ ರಸ್ತೆ ಬಿಟ್ಟು ದಂಡೆಯ ಇಳಿಜಾರಿನಲ್ಲಿ ಹೆಜ್ಜೆ ಊರಿ ಕೂಳೆಯ ಹೊಲಕ್ಕೆ ಇಳಿದರು. ವಿಮಾನ ಮುಂದಕ್ಕೆ ವಾಲಿತು. ಬಿದಿರಿಗೆ ಕಟ್ಟಿದ ವಸ್ತ್ರ ಸಡಿಲಾಗಿ ಸೋಮನಿಂಗಪ್ಪನ ತಲೆ ಎದೆಯ ಮೇಲೆ ಬಾಗಿತು.

ಬಳೆ ತುಂಬಿದ ಕೈಯನ್ನು ಇಂದ್ರಾಬಾಯಿ ಕಿಟಕಿಯ ಮೇಲೆ ಊರಿದ್ದಳು. ಕಾರು ಮೊಳದಷ್ಟು ಅಂತರದಲ್ಲಿ ಹಾಯ್ದು, ಗೇರು ಬದಲಿಸಿ, ಜತ್ತದ ಕಡೆಗೆ ವೇಗ ಹಿಡಿಯಿತು. ಕೆಂಪು ದೂಳು ಎದ್ದು ಹೊಲದ ಮೇಲೆ ಕವಿಯಿತು. ಅದು ಇಳಿಯುವುದನ್ನು ಕಾಯುತ್ತ, ತಲೆ ಬಗ್ಗಿಸಿ, ಸೋಮನಿಂಗಪ್ಪ ನಾಲ್ವರ ಹೆಗಲ ಮೇಲೆ ಕೂತಿದ್ದ.